ಘಾನಾ ಪ್ರವಾಸ: ಲಸಿಕೆ, ದುಡ್ಡು, ಟ್ರೋಟ್ರೋ ಮತ್ತು ಸಸ್ಯಾಹಾರ

ಪಶ್ಚಿಮ ಆಫ್ರಿಕಾವನ್ನು ಮೊದಲ ಸಲ ನೋಡಹೊರಟವರಿಗೆ ಘಾನಾ ಒಳ್ಳೆಯ ಆಯ್ಕೆ. ಆಡಳಿತ ಭಾಷೆ ಇಂಗ್ಲಿಷ್, ಊರಿಂದೂರಿಗೆ ಬಸ್ಸುಗಳಿವೆ, ದಾರಿ ಕೇಳಿದರೆ ಜನ ಜೊತೆಗೇ ನಾಲ್ಕು ಹೆಜ್ಜೆ ಬಂದು ತೋರಿಸುತ್ತಾರೆ. ಬೆಂಗಳೂರಿನಿಂದ ರಾಜಧಾನಿ ಅಕ್ರಾಕ್ಕೆ ನೇರ ವಿಮಾನವಿಲ್ಲ. ಅಡಿಸ್ ಅಬಾಬಾದಲ್ಲೋ ದುಬೈನಲ್ಲೋ ಬದಲಿಸಬೇಕು. ವೀಸಾ ಕೊಡುವುದು ದೆಹಲಿಯ ಘಾನಾ ಹೈಕಮಿಷನ್. ಶುಲ್ಕ, ನಿಯಮ ಆಗಾಗ ಬದಲಾಗುವುದರಿಂದ ಅವರ ಜಾಲತಾಣ ನೋಡಿಯೇ ಅರ್ಜಿ ಹಾಕಿ. ಆದರೆ ಟಿಕೆಟ್, ವೀಸಾ ಎರಡಕ್ಕೂ ಮೊದಲು ಮುಗಿಸಬೇಕಾದ ಕೆಲಸ ಬೇರೆಯೇ ಇದೆ.

ಹಳದಿ ಜ್ವರದ ಲಸಿಕೆ

ಘಾನಾದೊಳಗೆ ಕಾಲಿಡಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಚುಚ್ಚುಮದ್ದು ಒಂದೇ, ಆದರೆ ಅದು ಮಾನ್ಯವಾಗುವುದು ಹಾಕಿಸಿಕೊಂಡ 10 ದಿನಗಳ ಬಳಿಕ. ಊರಿನ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡರೆ ನಡೆಯದು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಆಗಬೇಕು. ಅಲ್ಲೂ ಹೋದ ದಿನವೇ ಸಿಗುತ್ತದೆಂಬ ಖಾತರಿಯಿಲ್ಲ. ಒಂದು ಶೀಶೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಾಗಾಗಿ ಕೇಂದ್ರಗಳು ನಿಗದಿತ ದಿನಗಳಲ್ಲಿ, ಹೆಸರು ಬರೆಸಿದವರನ್ನು ಒಟ್ಟಿಗೆ ಕರೆಯುತ್ತವೆ. ಪ್ರಯಾಣಕ್ಕೆ ಆರು ವಾರ ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು, 60 ದಾಟಿದವರು ಮುಂಚೆಯೇ ವೈದ್ಯರ ಜೊತೆ ಮಾತಾಡಲೇಬೇಕು.

ಕಾರ್ಡು ಕೈಗೆ ಬಂದ ತಕ್ಷಣ ಹೆಸರಿನ ಅಕ್ಷರ, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಬ್ಯಾಚ್ ಸಂಖ್ಯೆ, ಸಹಿ, ಮುದ್ರೆ ಎಲ್ಲವನ್ನೂ ಅಲ್ಲೇ ನಿಂತು ನೋಡಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಕೌಂಟರಿನಲ್ಲಿ ಪ್ರಶ್ನೆ ಏಳುತ್ತದೆ. 2016ರ ಜುಲೈನಿಂದ ಈ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ ಇದೆ, ಹಳೆಯ ಕಾರ್ಡ್ ಇದ್ದವರು ಮತ್ತೆ ಹಾಕಿಸಿಕೊಳ್ಳಬೇಕಿಲ್ಲ. ಹಿಂತಿರುಗುವಾಗಲೂ ಅದು ಕೈಚೀಲದಲ್ಲೇ ಇರಲಿ. ಘಾನಾದಿಂದ ಬಂದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಇದೇ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಅವರಿಗಿದೆ.

ಮಲೇರಿಯಾ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಘಾನಾದಲ್ಲಿ ವರ್ಷವಿಡೀ, ದೇಶದ ಎಲ್ಲ ಕಡೆ ಮಲೇರಿಯಾ ಇದೆ, ಅದೂ ಬಹುಪಾಲು ಪ್ರಾಣಕ್ಕೇ ಕುತ್ತು ತರಬಲ್ಲ ಫಾಲ್ಸಿಪಾರಮ್ ಜಾತಿಯದು. ಮಲೇರಿಯಾದ ಹಳೆಯ ಮಾತ್ರೆ ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ಬಾರದಂತೆ ತಡೆಯಲು ವೈದ್ಯರು ಸಾಮಾನ್ಯವಾಗಿ ಮೂರು ಮಾತ್ರೆಗಳಲ್ಲಿ ಒಂದನ್ನು ಬರೆಯುತ್ತಾರೆ: ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಹೊರಡುವ 1–2 ದಿನ ಮೊದಲು ಶುರುಮಾಡಿ, ದಿನಕ್ಕೊಂದರಂತೆ, ಬಂದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಆದರೆ ದಿನಕ್ಕೆ 100 ಮಿ.ಗ್ರಾಂ., ಬಂದ ಮೇಲೆ 4 ವಾರ. ಮೆಫ್ಲೋಕ್ವಿನ್ ಆದರೆ ವಾರಕ್ಕೊಂದು, ಹೊರಡುವ 2 ವಾರ ಮೊದಲೇ ಆರಂಭಿಸಿ, ಬಂದ ಮೇಲೆ 4 ವಾರ. ಬಹಳ ಜನ ಎಡವುವುದು ಇಲ್ಲೇ: ಊರಿಗೆ ಬಂದಾಯಿತಲ್ಲ ಎಂದು ಉಳಿದ ಮಾತ್ರೆ ಬಿಟ್ಟುಬಿಡುತ್ತಾರೆ. ರಕ್ತದಲ್ಲಿ ಪರಾವಲಂಬಿ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು, ಆ ಮಾತ್ರೆ ಇರುವುದೇ ಅದಕ್ಕಾಗಿ.

ಸಂಜೆಯಾಗುತ್ತಲೇ ತುಂಬುತೋಳಿನ ಬಟ್ಟೆ, ಸೊಳ್ಳೆಮುಲಾಮು. ಸನ್‌ಸ್ಕ್ರೀನ್ ಕೂಡ ಹಚ್ಚುವುದಿದ್ದರೆ ಮೊದಲು ಅದು, ಮೇಲೆ ಮುಲಾಮು. ವಾಪಸಾದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಿ, ‘ಘಾನಾಕ್ಕೆ ಹೋಗಿದ್ದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಮಳೆಗಾಲದ ಬೆಂಗಳೂರಿನಲ್ಲಿ ವೈದ್ಯರ ಗಮನ ಡೆಂಗಿಯ ಕಡೆಗೇ ಹೋಗುವ ಸಾಧ್ಯತೆ ಹೆಚ್ಚು.

ದುಡ್ಡು, ಸಿಮ್, ಪ್ಲಗ್ಗು

ನಾಣ್ಯ ಸೆಡಿ, ಒಂದು ಸೆಡಿಗೆ 100 ಪೆಸೆವಾ. ಡಾಲರ್ ಒಯ್ದು ಅಲ್ಲಿ ಬದಲಿಸಿ. ಹೊಸದಾದ, ಮಡಿಕೆ ಬೀಳದ 100 ಡಾಲರ್ ನೋಟಿಗೆ ಒಳ್ಳೆಯ ದರ ಸಿಗುತ್ತದೆ. 2007ರಲ್ಲಿ 10,000 ಹಳೆಯ ಸೆಡಿಯನ್ನು 1 ಹೊಸ ಸೆಡಿ ಮಾಡಿದರು. ವಯಸ್ಸಾದ ವ್ಯಾಪಾರಿಗಳು ಈಗಲೂ ಕೆಲವೊಮ್ಮೆ ಹಳೆಯ ಲೆಕ್ಕದಲ್ಲೇ ಬೆಲೆ ಹೇಳುತ್ತಾರೆ: ಬಾಳೆಹಣ್ಣಿಗೆ ಹತ್ತಾರು ಸಾವಿರ ಕೇಳಿದರೆ ಗಾಬರಿಯಾಗದೆ ನಾಲ್ಕು ಸೊನ್ನೆ ತೆಗೆಯಿರಿ.

ಎಟಿಎಂಗಳಲ್ಲಿ ವೀಸಾ ಕಾರ್ಡ್ ಹೆಚ್ಚು ನಡೆಯುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ತೆರೆದಿಡುವುದರ ಜೊತೆಗೆ ಭಾರತದ ಸಿಮ್ಮಿಗೆ ರೋಮಿಂಗ್ ಕೂಡ ಹಾಕಿಸಿ, ಇಲ್ಲವಾದರೆ ಒಟಿಪಿ ಬಾರದೆ ಕಾರ್ಡ್ ಇದ್ದೂ ಇಲ್ಲದಂತೆ. ಸ್ಥಳೀಯ ಸಿಮ್ಮನ್ನು ಪಾಸ್‌ಪೋರ್ಟ್ ಕೊಟ್ಟು ಕಂಪನಿಯ ಮಳಿಗೆಯಲ್ಲೇ ನೋಂದಾಯಿಸಿಕೊಳ್ಳಿ, ರಸ್ತೆಬದಿಯ ಕೊಡೆಯಡಿ ಬೇಡ. ಎಂಟಿಎನ್ ಜಾಲ ಹೆಚ್ಚು ಕಡೆ ಸಿಗುತ್ತದೆ. ಅದರ ‘ಮೋಮೋ’, ಅಂದರೆ ಮೊಬೈಲ್ ಹಣದ ಖಾತೆ, ನಮ್ಮ ಯುಪಿಐನಷ್ಟೇ ರೂಢಿಯಲ್ಲಿದೆ. ವಿದ್ಯುತ್ತು 230 ವೋಲ್ಟ್, ನಮ್ಮ ಚಾರ್ಜರ್ ಸಾಕು. ಗೋಡೆಯಲ್ಲಿ ಮಾತ್ರ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಕಡ್ಡಿಯ ಸಾಕೆಟ್ ಇರುತ್ತದೆ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ವಿದ್ಯುತ್ ಕೈಕೊಡುವುದೂ ಉಂಟು, ಪವರ್ ಬ್ಯಾಂಕ್ ಇರಲಿ.

ಓಡಾಟ

ನಗರದೊಳಗೆ ಬೋಲ್ಟ್, ಊಬರ್, ಯಾಂಗೋ ಇವೆ. ಅಗ್ಗದ ದಾರಿ ಟ್ರೋಟ್ರೋ, ಅಂದರೆ ಹಳೆಯ ಮಿನಿವ್ಯಾನು. ಬಾಗಿಲಲ್ಲಿ ನೇತಾಡುವ ‘ಮೇಟ್’ ಊರ ಹೆಸರು ಕೂಗುತ್ತಿರುತ್ತಾನೆ. ‘ಸರ್ಕ್, ಸರ್ಕ್’ ಎಂದರೆ ಅಕ್ರಾದ ಎನ್‌ಕ್ರೂಮಾ ಸರ್ಕಲ್. ಹತ್ತಿ ಕೂತ ಮೇಲೆ ಅವನು ಕೈಚಾಚಿದಾಗ ದುಡ್ಡು ಕೊಡಿ, ಇಳಿಯಬೇಕಾದಲ್ಲಿ ‘ಮೇಟ್, ಬಸ್ ಸ್ಟಾಪ್’ ಎನ್ನಿ. ದರ ನಿಗದಿಯಾಗಿರುತ್ತದೆ, ಚೌಕಾಸಿಗೆ ಜಾಗವಿಲ್ಲ. ಚೀಲದ ದರ ಮಾತ್ರ ಅವನು ಹೇಳಿದಂತೆ, ಅಲ್ಲಿ ಚೌಕಾಸಿ ಮಾಡಬಹುದು. ದೊಡ್ಡ ನೋಟಿಗೆ ಚಿಲ್ಲರೆ ಸಿಗದು. ದೂರದ ಗಾಡಿಗಳು ತುಂಬಿದ ಮೇಲಷ್ಟೇ ಹೊರಡುತ್ತವೆ. ಬೆಳಗ್ಗೆ ಬೇಗ ತುಂಬುತ್ತವೆ, ಮಧ್ಯಾಹ್ನ ಗಂಟೆಗಟ್ಟಲೆ ಕಾಯಿಸುತ್ತವೆ. ಟ್ಯಾಕ್ಸಿ ಹತ್ತುವ ಮೊದಲು ಅದು ಹಂಚಿಕೆಯದೋ, ಒಬ್ಬರಿಗೇ ಬಾಡಿಗೆಯ ‘ಡ್ರಾಪಿಂಗ್’ ಗಾಡಿಯೋ ಕೇಳಿ. ಕೇಳದೆ ಕೂತರೆ ಇಳಿಯುವಾಗ ಜಗಳ ಖಂಡಿತ.

ಅಕ್ರಾದಿಂದ ಕುಮಾಸಿ ಸುಮಾರು 250 ಕಿ.ಮೀ., ಆದರೆ ಐದಾರು ಗಂಟೆ ಹಿಡಿಯುತ್ತದೆ. ರಾತ್ರಿ ಪ್ರಯಾಣ ಬೇಡ: ಹೆದ್ದಾರಿಯಲ್ಲಿ ದೀಪವಿರುವುದಿಲ್ಲ, ಕೆಟ್ಟುನಿಂತ ಲಾರಿಗಳು ಎದುರಿಗೆ ಬಂದಾಗಲೇ ಕಾಣುತ್ತವೆ.

ಹತ್ತು ದಿನವಿದ್ದರೆ ಅಕ್ರಾ, ಕೇಪ್ ಕೋಸ್ಟ್, ಕುಮಾಸಿ ಸಾಕು. ಕೇಪ್ ಕೋಸ್ಟ್ ಕೋಟೆಯನ್ನೂ 1482ರಲ್ಲಿ ಪೋರ್ಚುಗೀಸರು ಕಟ್ಟಿದ ಎಲ್ಮಿನಾ ಕೋಟೆಯನ್ನೂ ಮಾರ್ಗದರ್ಶಿಯ ಜೊತೆಗೇ ನೋಡಿ. ಗುಲಾಮರನ್ನು ಕೂಡಿಹಾಕಿದ ಆ ನೆಲಮಾಳಿಗೆಗಳಲ್ಲಿ ಸೆಲ್ಫಿ ತೆಗೆಯಬೇಡಿ; ತಮ್ಮ ಪೂರ್ವಜರಿಗಾಗಿ ಅಮೆರಿಕ, ಕೆರಿಬಿಯನ್‌ಗಳಿಂದ ಬಂದವರು ಪಕ್ಕದಲ್ಲೇ ನಿಂತಿರುತ್ತಾರೆ. ಕಕುಮ್ ಕಾಡಿನ ಮರದೆತ್ತರದ ತೂಗುಸೇತುವೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ವಾರಾಂತ್ಯದಲ್ಲಿ ಶಾಲಾಮಕ್ಕಳ ಸಾಲು ಉದ್ದ. ಆನೆ ನೋಡಲು ಉತ್ತರದ ಮೋಲೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಇನ್ನೂ ಮೂರು ದಿನ ಬೇಕು, ಟಮಾಲೆಯವರೆಗೆ ವಿಮಾನ ಹಿಡಿಯುವುದೇ ವಾಸಿ. ಜನವರಿಯಿಂದ ಮಾರ್ಚ್‌ವರೆಗೆ ನೀರು ಹುಡುಕಿಕೊಂಡು ಆನೆಗಳು ಕೆರೆಗೆ ಬರುತ್ತವೆ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ಧೂಳು ತುಂಬಿಕೊಂಡು ಬರುತ್ತದೆ, ಆಸ್ತಮಾ ಇದ್ದವರು ಇನ್‌ಹೇಲರ್ ಮರೆಯಬಾರದು. ದಕ್ಷಿಣದಲ್ಲಿ ಜೋರು ಮಳೆ ಏಪ್ರಿಲ್‌ನಿಂದ ಜೂನ್‌ವರೆಗೆ.

ಸಸ್ಯಾಹಾರಿಗಳು ಏನು ತಿನ್ನಬೇಕು

‘ಮಾಂಸ ಬೇಡ’ ಎಂದರೆ ಮೀನು ಹಾಕಿಕೊಡುತ್ತಾರೆ. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ‘ಮಾಂಸ, ಮೀನು, ಸೀಗಡಿ, ಮೊಟ್ಟೆ ಯಾವುದೂ ಬೇಡ’ ಎಂದು ಬಿಡಿಸಿ ಹೇಳಬೇಕು. ಬೆಳಗಿನ ಹೊತ್ತು ವಾಚೆ ಹುಡುಕಿ. ಅಕ್ಕಿ, ಅಲಸಂದೆಯನ್ನು ಜೋಳದ ಒಣಗಿದ ಎಲೆಯ ಜೊತೆ ಬೇಯಿಸುತ್ತಾರೆ, ಅನ್ನ ಕೆಂಗಂದಾಗುತ್ತದೆ. ಮಾರುವಾಕೆ ದೊಡ್ಡ ಪಾತ್ರೆಯಿಂದ ಅಗಲವಾದ ಎಲೆಗೆ ಅನ್ನ ಹಾಕಿ, ಮೇಲೆ ಶಾವಿಗೆಯಂಥ ತಾಲಿಯಾ, ಗರಿ ಎಂಬ ಮರಗೆಣಸಿನ ರವೆ, ಕೊನೆಗೆ ಕಪ್ಪಗಿನ ಶಿಟೊ ಸುರಿಯುತ್ತಾಳೆ. ಆ ಶಿಟೊದಲ್ಲಿ ಒಣಮೀನು, ಸೀಗಡಿಯ ಪುಡಿ ಇರುತ್ತದೆ, ಆಕೆಯ ಕೈ ಅಲ್ಲಿಗೆ ಹೋಗುವ ಮೊದಲೇ ತಡೆಯಿರಿ. ಕೆಲೆವೆಲೆ, ಅಂದರೆ ಶುಂಠಿ, ಮೆಣಸಿನಕಾಯಿ ಹಚ್ಚಿ ಕರಿದ ಬಾಳೆ, ಸಂಜೆಗೆ ಸೊಗಸು. ‘ರೆಡ್ ರೆಡ್’ ಅಲಸಂದೆ ಗೊಜ್ಜಿಗೆ ಮೀನು ಹಾಕಿದ್ದಾರೆಯೇ ಎಂದು ಪ್ರತಿ ಸಲ ಕೇಳಿ. ಕಟ್ಟುನಿಟ್ಟಿನವರಿಗೆ ಜೊಲೊಫ್ ಎಂಬ ಟೊಮೆಟೊ ಅನ್ನ ಅನುಮಾನ, ಅದಕ್ಕೆ ಮಾಂಸದ ಸಾರೋ ಮಸಾಲೆ ಬಿಲ್ಲೆಯೋ ಬಿದ್ದಿರುತ್ತದೆ. ಅಕ್ರಾದಲ್ಲಿ ಭಾರತೀಯ ಹೋಟೆಲು, ದಿನಸಿ ಎರಡೂ ಇವೆ; ಕುಮಾಸಿ ದಾಟಿದ ಮೇಲೆ ಅವಲಕ್ಕಿ, ಚಟ್ನಿಪುಡಿ ನೆರವಿಗೆ ಬರುತ್ತವೆ.

ನಡವಳಿಕೆ, ಸುರಕ್ಷತೆ

ಎಡಗೈಯಲ್ಲಿ ಕೊಡುವುದು, ತೆಗೆದುಕೊಳ್ಳುವುದು, ತಿನ್ನುವುದು ಅಲ್ಲೂ ಅಗೌರವ. ನಮಗೆ ಇದನ್ನು ಕಲಿಸಬೇಕಿಲ್ಲ. ಆದರೆ ನಮಸ್ಕಾರವಿಲ್ಲದೆ ನೇರ ಬೆಲೆ ಕೇಳುವ ನಮ್ಮ ಅಭ್ಯಾಸ ಬಿಡಬೇಕು, ಮೊದಲು ‘ಗುಡ್ ಮಾರ್ನಿಂಗ್’, ಆಮೇಲೆ ಮಾತು. ಸೈನಿಕರ ಮಾದರಿಯ ಬಣ್ಣಮಚ್ಚೆಯ ಬಟ್ಟೆ ನಾಗರಿಕರಿಗೆ ನಿಷಿದ್ಧ, ಪ್ಯಾಂಟೂ ಬೇಡ, ಟೊಪ್ಪಿಯೂ ಬೇಡ. ವಿಮಾನ ನಿಲ್ದಾಣ, ಸೇನಾ ನೆಲೆ, ಅಧ್ಯಕ್ಷರ ಜುಬಿಲಿ ಹೌಸ್ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಕಡಲಿನಲ್ಲಿ ಸೆಳೆತ ಬಲವಾದದ್ದು, ಈಜು ಬಂದರೂ ಮೊಣಕಾಲಿಗಿಂತ ಆಳಕ್ಕೆ ಇಳಿಯದಿರುವುದು ಕ್ಷೇಮ. ವೋಲ್ಟಾ ಸರೋವರದ ನೀರಿಗೆ ಇಳಿಯಲೇಬೇಡಿ; ಬಸವನಹುಳುವಿನಿಂದ ಹರಡುವ ಬಿಲ್ಹಾರ್ಜಿಯಾ ರೋಗದ ಪರಾವಲಂಬಿ ಚರ್ಮದ ಮೂಲಕವೇ ಒಳಹೊಗುತ್ತದೆ. ತುರ್ತು ಕರೆಗೆ ಸಂಖ್ಯೆ 112.

ಕೆಂಟೆ ಬಟ್ಟೆ ಕೊಳ್ಳುವವರು ಕುಮಾಸಿ ಪಕ್ಕದ ಬೊನ್ವಿರೆಗೆ, ನೇಕಾರರ ಬಳಿಗೇ ಹೋಗಿ. ಮಗ್ಗದಲ್ಲಿ ನೇಯ್ದದ್ದಾದರೆ ಸುಮಾರು ನಾಲ್ಕಿಂಚು ಅಗಲದ ಪಟ್ಟಿಗಳನ್ನು ಜೋಡಿಸಿ ಹೊಲಿದಿರುತ್ತಾರೆ, ಮಗುಚಿ ನೋಡಿದರೂ ಬಣ್ಣ ಎದ್ದು ಕಾಣುತ್ತದೆ. ಹಿಂಬದಿ ಬಿಳಿಚಿಕೊಂಡು, ಪಟ್ಟಿಗಳ ನಡುವೆ ಹೊಲಿಗೆಯೇ ಇಲ್ಲದಿದ್ದರೆ ಅದು ಅಚ್ಚು ಹಾಕಿದ್ದು; ಅದಕ್ಕೆ ಕೈಮಗ್ಗದ ಬೆಲೆ ಕೊಡಬೇಡಿ.