ಕುಣಿಯುವ ಕತ್ತಿಗೆ ಮೊನೆ ಹಗುರವಾಗಬೇಕು

ಹೋದ ವರ್ಷ ನಮ್ಮ ವೀರಗಾಸೆ ತಂಡಕ್ಕೆ ಎರಡು ಹೊಸ ಕತ್ತಿ ತರಿಸಿದೆವು. ಒಂದೊಂದಕ್ಕೆ ಎರಡೂವರೆ ಸಾವಿರ. ಹಿತ್ತಾಳೆ ಹಿಡಿ, ಕನ್ನಡಿಯಂಥ ಹೊಳಪು, ನೋಡಲು ಚೆಂದವೇ. ದೊಡ್ಡಪ್ಪ ಒಂದನ್ನು ಕೈಗೆ ತಗೊಂಡು ಎರಡು ಸುತ್ತು ಬೀಸಿ ಜಗಲಿ ಮೇಲಿಟ್ಟುಬಿಟ್ಟರು. “ಇದು ಕುಣಿಯಾಕಿಲ್ಲ ಕಣ್ಲಾ, ಕೈ ಹಿಡ್ಕೊಂಡು ಎಳೀತದೆ” ಅಂದರು. ದಸರೆಯ ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಕತ್ತಿ ಹಿಡಿದು ಕುಣಿದವರ ಮಾತು ಅದು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಗ್ರೈಂಡಿಂಗ್ ಕೆಲಸ ಮಾಡುವವನು. ಕಬ್ಬಿಣ ಎಲ್ಲಿ ಹೆಚ್ಚಾಗಿದೆ ಅಂತ ಅಳೆದು ನೋಡುವುದು ನನ್ನ ಕಸುಬು.

ಮಂಡ್ಯದ ಹತ್ತಿರದ ನಮ್ಮೂರ ಮನೆಯ ದೇವರ ಕೋಣೆಯಲ್ಲಿ ತಾತನ ಕತ್ತಿ ಇದೆ. ಊರ ಆಚಾರಿ ಬಡಿದು ಮಾಡಿದ್ದು. ಹಿಡಿಯ ಹತ್ತಿರ ಸೀಳು ಬಿಟ್ಟಿರುವುದರಿಂದ ಈಗ ಪೂಜೆಗೆ ಮಾತ್ರ. ಕೈ ಮುಗಿದು ಅದನ್ನು ಹೊರಗೆ ತಂದು ಹೊಸದರ ಜೊತೆ ತೂಗಿದೆ. ಹಳೆಯದು 1,010 ಗ್ರಾಂ, ಹೊಸದು 1,050. ವ್ಯತ್ಯಾಸ ಒಂದು ನಿಂಬೆಹಣ್ಣಿನಷ್ಟು, ಅಷ್ಟೆ! ಆಮೇಲೆ ಬೆರಳಿನ ಮೇಲೆ ಅಡ್ಡಲಾಗಿಟ್ಟು ಸಮತೂಕ ನೋಡಿದೆ. ತಾತನದು ಹಿಡಿಯಿಂದ ಎಂಟು ಬೆರಳಿಗೆ ನಿಂತಿತು. ಹೊಸದಕ್ಕೆ ಒಂದು ಗೇಣು ಬೇಕಾಯಿತು, ಸರಿಯಾಗಿ 22 ಸೆಂ.ಮೀ.

ವರ್ನಿಯರ್ ಹಿಡಿದಾಗ ಗುಟ್ಟು ಗೊತ್ತಾಯಿತು. ತಾತನ ಕತ್ತಿಯ ದಪ್ಪ ಹಿಡಿಯ ಬುಡದಲ್ಲಿ 5.8 ಮಿ.ಮೀ., ಮೊನೆಯ ಹತ್ತಿರ 2.2. ನಡುವೆ ಎಲ್ಲೂ ಮೆಟ್ಟಿಲಿಲ್ಲ, ಇಳಿಜಾರು ಹಾಗೇ ಇಳಿದಿದೆ. ಹೊಸದು ಬುಡದಲ್ಲಿ 5.2, ಮೊನೆಯಲ್ಲಿ 4.8. ಒಂದೇ ದಪ್ಪದ ಪಟ್ಟಿಯನ್ನು ಕತ್ತಿಯ ಆಕಾರಕ್ಕೆ ಕತ್ತರಿಸಿ ಅಂಚು ಸವೆಸಿ ಮಾರಿದ್ದಾರೆ. ದಪ್ಪ ಇಳಿಸಲು ಕೂಲಿ ಬೇಕು, ಹೊತ್ತು ಬೇಕು. ಅಗ್ಗದ ಕತ್ತಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ತಂಡದ ಹುಡುಗನೊಬ್ಬ ಎರಡನೆಯ ಕತ್ತಿಯ ಹಿಡಿಯ ಹಿಂತುದಿಗೆ 150 ಗ್ರಾಂ ಸೀಸ ಕಟ್ಟಿ ನೋಡಿದ. ಸಮತೂಕ 18 ಸೆಂ.ಮೀ.ಗೆ ಬಂತು, ನಿಜ. ಆದರೆ ಒಡಪು ಹೇಳಿ “ಅಹಹಾ ರುದ್ರಾ” ಅಂತ ಕತ್ತಿ ತಿರುವಿದಾಗ ಮೊನೆ ಅಷ್ಟೇ ಸೋಮಾರಿ. ತಿರುಗಿಸಿದರೆ ನಿಲ್ಲಿಸುವುದು ಕಷ್ಟ, ನಿಲ್ಲಿಸಿದರೆ ತಿರುಗಿಸುವುದು ಕಷ್ಟ. ತಿರುವುವಾಗ ಹಿಡಿಯಿಂದ 70 ಸೆಂ.ಮೀ. ದೂರದಲ್ಲಿರುವ ಒಂದು ಗ್ರಾಂ, 35 ಸೆಂ.ಮೀ. ದೂರದ ನಾಲ್ಕು ಗ್ರಾಮಿಗೆ ಸಮ. ಹಿಂತುದಿಗೆ ಭಾರ ಸೇರಿಸಿದರೆ ಮೊನೆಯ ಭಾರ ಕರಗುವುದಿಲ್ಲ, ಮುಂಗೈಗೆ ಇನ್ನೊಂದಿಷ್ಟು ಹೊರೆ ಬೀಳುತ್ತದೆ. ಮೊನೆಯ ಕಡೆಯಿಂದಲೇ ಕಬ್ಬಿಣ ತೆಗೆಯಬೇಕು, ಬೇರೆ ದಾರಿ ಇಲ್ಲ.

ಸಾಣೆಗೆ ಮುಂಚೆ ಹಿಡಿ ಬಿಚ್ಚಿದೆ. ಕತ್ತಿಯ ಬಾಲ ಅಗಲವಾಗಿ ಹಿಡಿಯೊಳಗೆ ಹೋಗಿರಬೇಕು. ಎಷ್ಟೋ ಅಗ್ಗದ ಕತ್ತಿಗಳಲ್ಲಿ ಬೆರಳುದ್ದದ ಬಾಲಕ್ಕೆ ತಿರುಪು (ಥ್ರೆಡ್) ಇರುವ ಸರಳು ವೆಲ್ಡ್ ಮಾಡಿರುತ್ತಾರೆ. ಆ ಬೆಸುಗೆ ಕುಣಿತದ ನಡುವೆ ಬಿಟ್ಟರೆ ಅಲಗು ಹಾರುವುದು ಸುತ್ತ ಕೂತ ಮಕ್ಕಳ ಮೇಲೆ. ನಮ್ಮ ಎರಡೂ ಪುಣ್ಯಕ್ಕೆ ಒಂದೇ ತುಂಡಿನವು. ವೆಲ್ಡ್ ಕಂಡಿದ್ದರೆ ಸಾಣೆ ಹಿಡಿಯುತ್ತಲೇ ಇರಲಿಲ್ಲ, ವಾಪಸ್ ಕಳಿಸುತ್ತಿದ್ದೆ. ನಿಮ್ಮ ಕತ್ತಿಯಲ್ಲಿ ಕಂಡರೆ ದಯವಿಟ್ಟು ಅದನ್ನು ಕುಣಿತಕ್ಕೆ ಇಳಿಸಬೇಡಿ.

ಪ್ರತಿ 10 ಸೆಂ.ಮೀ.ಗೆ ಮಾರ್ಕರ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬೇಕಾದ ದಪ್ಪ ಬರೆದುಕೊಂಡೆ: 4.8, 4.4, 4.0, 3.5, 3.0, ಮೊನೆಗೆ 2.6. ಬುಡದ ಮೊದಲ 10 ಸೆಂ.ಮೀ. ಮುಟ್ಟಲಿಲ್ಲ, ಬೀಸುವಾಗ ಹೆಚ್ಚು ಬಳಲುವ ಜಾಗ ಅದು. ಬೆಲ್ಟ್ ಗ್ರೈಂಡರಿಗೆ 60 ನಂಬರಿನ ಒರಟು ಬೆಲ್ಟ್ ಹಾಕಿ ಒಂದು ಮಗ್ಗುಲು ನಾಲ್ಕು ಸಲ, ಮಗುಚಿ ಇನ್ನೊಂದು ಮಗ್ಗುಲು ನಾಲ್ಕು ಸಲ. ಒಂದೇ ಕಡೆ ಸವೆಸುತ್ತಾ ಹೋದರೆ ಅಲಗು ಬಾಗುತ್ತದೆ. ಕೈಗವಸು ಹಾಕುವುದಿಲ್ಲ. ಓಡುವ ಬೆಲ್ಟಿಗೆ ಅದು ಸಿಕ್ಕಿಕೊಳ್ಳುವ ಭಯ ಒಂದು ಕಡೆ, ಬರಿಗೈಯೇ ಕಾವು ತಿಳಿಸುತ್ತದೆ ಅನ್ನುವುದು ಇನ್ನೊಂದು ಕಡೆ. ಬೆರಳಿಗೆ ತಾಳಲಾಗದಷ್ಟು ಬಿಸಿಯಾದರೆ ಬಕೆಟ್ ನೀರಿಗೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಮೋಟಾರ್ ಸ್ವಿಚ್ ಒತ್ತಬಾರದು.

ಮೊದಲನೆಯ ಕತ್ತಿಯಲ್ಲಿ ಇದೇ ಕಾವಿನ ವಿಷಯದಲ್ಲಿ ಎಡವಿದೆ. ಮೊನೆ ತೆಳುವಾದಷ್ಟೂ ಬೇಗ ಕಾಯುತ್ತದೆ, ನನ್ನ ಕೈ ಇದ್ದದ್ದು ಒಂದು ಮೊಳ ಹಿಂದೆ. ಒಣಹುಲ್ಲಿನ ಹಳದಿ ಬಣ್ಣ ಬಂದರೆ ಸುಮಾರು 220 ಡಿಗ್ರಿ, ನೀಲಿ ಬಂದರೆ 300ರ ಆಸುಪಾಸು. ನಾನು ನೋಡುವಷ್ಟರಲ್ಲಿ ನೀಲಿ ದಾಟಿ ಬೂದು ಬಣ್ಣಕ್ಕೆ ಬಂದಿತ್ತು. ತಣ್ಣಗಾದ ಮೇಲೆ ಮೆಲ್ಲಗೆ ಬಗ್ಗಿಸಿದೆ, ಬಗ್ಗಿದ ಮೊನೆ ವಾಪಸ್ ಬರಲಿಲ್ಲ. ಹದ ಹೋಗಿತ್ತು. ಅರ ಹಾಕಿದರೆ ಅಲ್ಲಿ ಮಾತ್ರ ಸಲೀಸಾಗಿ ಕಚ್ಚುತ್ತಿತ್ತು. ಅಷ್ಟು ಹೊತ್ತಿನ ಕೆಲಸ ಹಾಳಾದದ್ದಕ್ಕೆ ಅವತ್ತು ಊಟ ಸೇರಲಿಲ್ಲ. ಕೊನೆಗೆ 3 ಸೆಂ.ಮೀ. ತೆಗೆದು ಮೊನೆಯನ್ನು ಹೊಸದಾಗಿ ತಿದ್ದಿದೆ. ಅಲ್ಲಿಂದಾಚೆಗೆ ಕೊನೆಯ ಗೇಣನ್ನು ಹೊಸ ಬೆಲ್ಟಿನಲ್ಲೇ ಮಾಡುತ್ತೇನೆ. ಸವೆದ ಬೆಲ್ಟು ಕಬ್ಬಿಣ ತೆಗೆಯುವುದಕ್ಕಿಂತ ಕಾಯಿಸುವುದೇ ಹೆಚ್ಚು.

120, 240 ಬೆಲ್ಟ್ ಆದ ಮೇಲೆ ಮಿಕ್ಕಿದ್ದು ಕೈಕೆಲಸ. ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ 320, 400, 600, ಎಲ್ಲವೂ ಉದ್ದುದ್ದಕ್ಕೆ. ಅಡ್ಡ ಗೀರು ಉಳಿದರೆ ಸೀಳು ಶುರುವಾಗುವುದು ಅಲ್ಲಿಂದಲೇ. ಅಂಚನ್ನು ಒಂದೂವರೆ ಮಿ.ಮೀ. ದಪ್ಪಕ್ಕೆ ಬಿಟ್ಟು ದುಂಡಗೆ ಮಾಡಿದೆ. ಜನರ ನಡುವೆ ಕುಣಿಯುವ ಕತ್ತಿಗೆ ಹರಿತ ಬೇಡ. ಮೊಂಡಾದರೂ 1959ರ ಶಸ್ತ್ರಾಸ್ತ್ರ ಕಾಯ್ದೆ ಮರೆಯಬಾರದು. ನಾವು ಬಸ್ಸಿನಲ್ಲಿ ಬಿಚ್ಚುಗತ್ತಿ ಒಯ್ಯುವುದಿಲ್ಲ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲೇ.

ನಮ್ಮಲ್ಲಿ ಮೊನೆಗೆ ನಿಂಬೆಹಣ್ಣು ಚುಚ್ಚುತ್ತಾರೆ. ಅಂಗಡಿಯ ಕತ್ತಿ ಮಾಡಿದವರು ಅದನ್ನು ಎಣಿಸಿರುವುದಿಲ್ಲ. 50 ಗ್ರಾಂ ಹಣ್ಣು ಕೂತಿದ್ದೇ ಸಮತೂಕ ಮುಂದಕ್ಕೆ ಜಾರುತ್ತದೆ. ಮುಗಿದ ಕತ್ತಿ 855 ಗ್ರಾಂ. ಬರಿಯಾಗಿ 16 ಸೆಂ.ಮೀ.ಗೆ ನಿಂತದ್ದು, ಹಣ್ಣು ಚುಚ್ಚಿದ ಮೇಲೆ 19ಕ್ಕೆ ಹೋಯಿತು. ಹಾಗಾಗಿ ಹಣ್ಣು ಚುಚ್ಚಿಯೇ ಪರೀಕ್ಷೆ ಮಾಡಬೇಕು. ಕುಣಿತ ಮುಗಿದ ಕೂಡಲೇ ಹುಳಿ, ಬೆವರು, ವಿಭೂತಿ ಒರೆಸಿ ಎಣ್ಣೆ ಸವರದಿದ್ದರೆ ಬೆಳಗ್ಗೆಗೆ ಕಪ್ಪು ಕಲೆ ಖಂಡಿತ.

ದೊಡ್ಡಪ್ಪ ಹಣ್ಣಿನ ಸಮೇತ ಹಿಡಿದು ಅಂಗಳದಲ್ಲಿ ಹೆಜ್ಜೆ ಹಾಕಿದರು. ಕರಡೆ ವಾದ್ಯದವನೂ ಸೇರಿಕೊಂಡ. ನಾಲ್ಕೈದು ಸುತ್ತು ತಿರುವಿ ಥಟ್ಟನೆ ನಿಲ್ಲಿಸಿದರು, ಮೊನೆ ಅಲ್ಲಾಡಲಿಲ್ಲ. “ಈಗ ಬಂತು ನೋಡು. ಇನ್ನೊಂದ್ ಎಳೆ ತೆಗೀಬೋದಿತ್ತು” ಅಂದರು. ತಾತನದರಲ್ಲಿ 2.2 ಇದೆ ಅಂತ ಅವರಿಗೂ ಗೊತ್ತು. ಈ ಕತ್ತಿಯನ್ನು ಇನ್ನು ಮುಟ್ಟುವುದಿಲ್ಲ, ಒಂದು ಸಲ ಕಾದ ಮೊನೆ. ಎರಡನೆಯದರ ಸೀಸ ಬಿಚ್ಚಿ ಗೆರೆ ಎಳೆದಿದ್ದೇನೆ. ಅದರ ಮೊನೆಗೆ 2.4 ಅಂತ ಬರೆದಿದ್ದೇನೆ.