ಮೇಲೆ ಕೆಂಡ, ಕೆಳಗೆ ಕೆಂಡ: ಮಸಾಯಿ ಮಾರಾದಲ್ಲಿ ಆರು ಕೋರ್ಸಿನ ಊಟ

ಕಳೆದ ಆಗಸ್ಟ್‌ನಲ್ಲಿ ಕೀನ್ಯಾದ ವನ್ಯಜೀವಿ ಪ್ರದೇಶ ಮಸಾಯಿ ಮಾರಾದ ಬಯಲಿನಲ್ಲಿ, ಒಂದು ಅಕೇಶಿಯಾ ಮರದ ಕೆಳಗೆ 22 ಜನರಿಗೆ ಆರು ಕೋರ್ಸಿನ ಊಟ ಬಡಿಸಿದೆ. ನಾನು ಅಡುಗೆ ಮಾಡುವ ಸಫಾರಿ ಕ್ಯಾಂಪಿನಿಂದ ಅಲ್ಲಿಗೆ ನಾಲ್ಕು ಕಿಲೋಮೀಟರ್ ಇರಬಹುದು. ಕರೆಂಟಿಲ್ಲ, ಗ್ಯಾಸಿಲ್ಲ, ಕಾಂಬಿ ಓವನ್ (ಹಬೆ, ಬಿಸಿಗಾಳಿ ಎರಡರಲ್ಲೂ ಬೇಯಿಸುವ ದೊಡ್ಡ ಕರೆಂಟ್ ಓವನ್) ಇಲ್ಲ. ಇದ್ದದ್ದು ನಾಲ್ಕು ತಗಡಿನ ಟ್ರಂಕು, ಮೂರು ಜಿಕೋ (ಇಲ್ಲಿನ ಇದ್ದಿಲ ಒಲೆ), ಎರಡೂವರೆ ಚೀಲ ಇದ್ದಿಲು. ಒಂದು ತಟ್ಟೆಯೂ ಆರಿ ಹೋಗಲಿಲ್ಲ. ಇದು ಆಗೋ ಕೆಲಸ ಅಲ್ಲ ಅಂತ ಎರಡು ವರ್ಷದಿಂದ ಹೇಳುತ್ತಿದ್ದವರೂ ಅವತ್ತು ಅಲ್ಲೇ ಕೂತು ಉಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನ ಊರು ಉಡುಪಿ ಹತ್ತಿರ. ಮುಂಬೈಯಲ್ಲಿ ಎಂಟು ವರ್ಷ ಹೋಟೆಲ್ ಕೆಲಸ ಮಾಡಿದೆ. ಆಮೇಲೆ ಕೀನ್ಯಾದ ಡಿಯಾನಿ ಬೀಚಿನ ಒಂದು ರಿಸಾರ್ಟಿನಲ್ಲಿ ಮೂರು ವರ್ಷ. ಈಗ ಮಾರಾದಲ್ಲಿ ಆರನೇ ವರ್ಷ. ಲಾಡ್ಜ್ ಕಿಚನ್ ಹೇಗಿರುತ್ತೆ, ಬೆಳಗಿನ ಸಫಾರಿ ಡ್ರೈವ್‌ಗೆ ಏನು ಕಟ್ಟಿ ಕೊಡಬೇಕು, ಸಂಜೆ ಸೂರ್ಯಾಸ್ತ ನೋಡುತ್ತಾ ಕುಡಿಯೋ ಸನ್‌ಡೌನರ್‌ಗೆ ಏನು ಕಳಿಸಬೇಕು ಅನ್ನೋದೆಲ್ಲ ಲಾಡ್ಜ್‌ಗಳಲ್ಲಿ ಕೆಲಸ ಮಾಡೋರಿಗೆ ಗೊತ್ತಿರೋದೇ. ಅದನ್ನು ಬಿಡುತ್ತೇನೆ.

ಡಿಯಾನಿಯಲ್ಲಿ ನನಗೆ ಏನೂ ಕಷ್ಟ ಇರಲಿಲ್ಲ. ಅಂಜಲ್ ಮೀನಿಗೆ ಅಲ್ಲಿ ನ್ಗೂರು ಅಂತಾರೆ. ಬೆಳಗ್ಗೆ ದೋಣಿಯಿಂದ ನೇರ ಅಡುಗೆಮನೆಗೇ ಬರುತ್ತಿತ್ತು. ಕಾಯಿ ತುರಿಯೋಕೆ ಅವರ ಹತ್ತಿರವೂ ನಮ್ಮ ಹೆರೆಮಣೆಯಂಥದ್ದೇ ಇದೆ. ಅದರ ಹೆಸರು ಮ್ಬೂಜಿ, ಅಂದರೆ ಮೇಕೆ. ಅದರ ಮೇಲೆ ಕೂತು ತುರಿಯುವ ಹೆಂಗಸರನ್ನು ನೋಡಿದರೆ ನಮ್ಮ ಅತ್ತಿಗೆಯೇ ಕೂತ ಹಾಗೆ ಕಾಣುತ್ತಿತ್ತು. ಮೊಂಬಾಸಾದಲ್ಲಿ ಮೊದಲ ಸಲ ಮಂಗಳೂರು ಹಂಚಿನ ಮಾಡು ನೋಡಿದಾಗ ಸುಮ್ನೆ ಐದು ನಿಮಿಷ ನಿಂತುಬಿಟ್ಟಿದ್ದೆ. ಸಮಾಕಿ ವಾ ಕುಪಾಕಾ ಕಲಿತದ್ದೂ ಡಿಯಾನಿಯಲ್ಲೇ. ಕೆಂಡದ ಮೇಲೆ ಸುಟ್ಟ ಮೀನಿಗೆ ಹುಳಿ ಬೆರೆಸಿದ ದಪ್ಪ ಕಾಯಿಹಾಲು ಸವರಿ, ಮತ್ತೆ ಸುಡುವ ಅಡುಗೆ. ಅದೊಂದನ್ನು ಚೆನ್ನಾಗಿ ಮಾಡಿದರೆ ಬೀಚಿನ ಅತಿಥಿ ಬೇರೆ ಏನನ್ನೂ ಕೇಳುವುದಿಲ್ಲ.

ಮಾರಾಕ್ಕೆ ಬಂದ ಮೇಲೆ ಕಥೆ ಬದಲಾಯಿತು. ಸಾಮಾನು ಬರೋದು ವಾರಕ್ಕೆ ಎರಡು ಸಲ, ನೈರೋಬಿಯಿಂದ, ಲಾರಿಯಲ್ಲಿ. ನರೋಕ್ ದಾಟಿದ ಮೇಲೆ ಸಿಗೋ ಒಳದಾರಿ ಮಳೆಗಾಲದಲ್ಲಿ ಹೇಗಿರುತ್ತೆ ಅಂತ ಹೋಗಿಬಂದವರಿಗೇ ಗೊತ್ತು. ವಿಲ್ಸನ್ ಏರ್‌ಪೋರ್ಟಿನಿಂದ ಚಿಕ್ಕ ವಿಮಾನದಲ್ಲಿ ತರಿಸಬಹುದು, ಆದರೆ ಕಿಲೋ ಲೆಕ್ಕದಲ್ಲಿ ದುಡ್ಡು ಸುರಿಯಬೇಕು. ಇಷ್ಟಾದರೂ ನನ್ನ ಕೈಗೆ ಕೊಟ್ಟ ಮೆನುವಿನಲ್ಲಿ ಸಾಲ್ಮನ್ ಇತ್ತು, ಆಸ್ಪ್ಯಾರಗಸ್ ಇತ್ತು. ಅದನ್ನು ಬರೆದವರು ಮಾರಾಕ್ಕೆ ಬಂದಿದ್ದು ಎರಡೇ ದಿನ. ಒಂದು ನವೆಂಬರ್‌ನಲ್ಲಿ ಲಾರಿ ಕೆಸರಿನಲ್ಲಿ ಹೂತು ಎರಡು ದಿನ ನಿಂತಿತು. ಹದಿನೈದು ಕಿಲೋ ಸಾಲ್ಮನ್ ಎಸೆದೆ. ನಲವತ್ತು ಸಾವಿರ ಶಿಲ್ಲಿಂಗ್ ಮೇಲೆ ಹೋಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಂಬಿ ಓವನ್‌ದು ಇನ್ನೊಂದು ತಲೆನೋವು. ನಮ್ಮದು ಸೋಲಾರ್ ಕ್ಯಾಂಪು. ಬ್ಯಾಟರಿ ಮೇಲೆ ಅದು ಓಡೋದಿಲ್ಲ. ರಾತ್ರಿ ಊಟಕ್ಕೆ ಎರಡು ಗಂಟೆ ಜನರೇಟರ್ ಹಾಕಬೇಕು. ಸಿಂಹದ ಕೂಗು ಕೇಳೋಕೆ ರಾತ್ರಿಗೆ ತಲಾ 700 ಡಾಲರ್ ಕೊಟ್ಟು ಬಂದವರಿಗೆ ಜನರೇಟರ್ ಸದ್ದು ಕೇಳಿಸೋದು ನನಗೆ ಸರಿ ಕಾಣಲಿಲ್ಲ.

ನಮ್ಮ ಕಿಚನ್‌ನಲ್ಲಿ ಒಬ್ಬರು ಹಿರಿಯ ಅಡುಗೆಯವರಿದ್ದರು. ಎಲ್ಲರೂ ಅವರನ್ನು ಮ್ಜೇ ಅಂತ ಕರೆಯುತ್ತಿದ್ದರು, ಯಜಮಾನರೇ ಅಂದ ಹಾಗೆ. ಟೆಂಟು ಹೊತ್ತು ಊರೂರು ತಿರುಗುವ ಸಫಾರಿಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಒಂದು ದಿನ ಓವನ್ ಕೆಟ್ಟಾಗ ಅವರು ಹಿಂದಿನ ಗೋದಾಮಿನಿಂದ ಒಂದು ಹಳೇ ತಗಡಿನ ಟ್ರಂಕು ತಂದರು. ಕೆಳಗೆ ಕೆಂಡ ಹರಡಿ, ಮೂರು ಕಲ್ಲಿನ ಮೇಲೆ ಟ್ರಂಕು ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದರು. ಒಳಗೆ ಬ್ರೆಡ್. ಮುಕ್ಕಾಲು ಗಂಟೆಯಲ್ಲಿ ತೆಗೆದರು. ಆ ಪರಿಮಳಕ್ಕೆ ನನಗೆ ಅಜ್ಜಿಯ ಗೆಂಡದಡ್ಯೆ (ಕೆಂಡದಲ್ಲಿ ಬೇಯಿಸುವ ನಮ್ಮ ಕಡೆಯ ಸಿಹಿ ತಿಂಡಿ) ನೆನಪಾಯಿತು. ಅಜ್ಜಿಯೂ ಹಾಗೇ ಮಾಡುತ್ತಿದ್ದರು. ಬಾಳೆಎಲೆ ಹಾಸಿದ ಪಾತ್ರೆಗೆ ಹಿಟ್ಟು ಹೊಯ್ದು, ಮುಚ್ಚಳದ ಮೇಲೆ ಗೆರಟೆ, ಅಂದರೆ ತೆಂಗಿನ ಚಿಪ್ಪಿನ, ಕೆಂಡ. ಬ್ರೆಡ್ ಆಗುತ್ತೆ ಅಂದರೆ ಪೂರ್ತಿ ಊಟ ಯಾಕೆ ಆಗಬಾರದು ಅಂತ ಅವತ್ತೇ ತಲೆಗೆ ಹೊಕ್ಕಿತು.

ಮ್ಯಾನೇಜರ್ ಕೇಳಿ ನಕ್ಕರು. ಇನ್ನೊಂದು ಕ್ಯಾಂಪಿನಲ್ಲಿದ್ದ ನಮ್ಮ ಕಡೆಯ ಹುಡುಗನೇ, "ಅಣ್ಣ, ಬ್ರೆಡ್ ಬೇರೆ, ತಟ್ಟೆಯಲ್ಲಿ ಜೋಡಿಸಿ ಕೊಡೋ ಪ್ಲೇಟೆಡ್ ಡಿನ್ನರ್ ಬೇರೆ. ಸುಮ್ನೆ ಹೆಸರು ಕೆಡಿಸ್ಕೋಬೇಡಿ" ಅಂದ.

ಮೊದಲ ಟ್ರಂಕು ನೈರೋಬಿಯ ಕಾಮುಕುಂಜಿಯಲ್ಲಿ ಕೊಂಡೆ. ಬೀದಿಬದಿಯ ಜುವಾ ಕಾಲಿ ಕೆಲಸದವರು ಹೊಡೆದು ಮಾಡಿದ್ದು. ನಾಲ್ಕು ಸಾವಿರ ಶಿಲ್ಲಿಂಗ್ ಚಿಲ್ಲರೆ. ಚೆಂದ ನೀಲಿ ಬಣ್ಣ ಬಳಿದಿದ್ದರು. ಆ ಬಣ್ಣದ ವಾಸನೆ ಬ್ರೆಡ್ಡಿಗೆ ಹತ್ತಿ ಒಂದು ವಾರದ ಬ್ರೆಡ್ ಹಾಳಾಯಿತು. ಎರಡನೇದಕ್ಕೆ ಬಣ್ಣ ಬೇಡ ಅಂದೆ. ಅವರು ಸತುವು ಲೇಪಿಸಿದ ಜಿಂಕ್ ಶೀಟಿನಲ್ಲಿ ಮಾಡಿಕೊಟ್ಟರು. ಅದನ್ನು ಒಂದು ಸಲವೂ ಬಳಸಲಿಲ್ಲ. ಕಾದರೆ ಹೊಗೆ ವಿಷ. ಯಾರೂ ಆ ತಪ್ಪು ಮಾಡಬೇಡಿ. ಮೂರನೇದು ಬಣ್ಣವೂ ಲೇಪವೂ ಇಲ್ಲದ ಕಪ್ಪು ಕಬ್ಬಿಣದ ಶೀಟಿನದು, ದಪ್ಪ ಜಾಸ್ತಿ, ಐದು ಸಾವಿರದ ಆಸುಪಾಸು. ಅಂಥದ್ದೇ ಇವತ್ತಿಗೂ ನಡೆಯುತ್ತಿದೆ.

ಕೆಂಡದ ಲೆಕ್ಕ ಹತ್ತೋಕೆ ನಾಲ್ಕು ತಿಂಗಳು ಬೇಕಾಯಿತು. ಸಮ ಹಾಕಿದರೆ ತಳ ಹೊತ್ತಿ ನಡು ಹಸಿ. ಕೆಳಗೆ ಒಂದು ಪಾಲು, ಮೇಲೆ ಎರಡು ಪಾಲು ಅಂತ ನಿಂತಿತು. ಜುಲೈ–ಆಗಸ್ಟ್‌ನಲ್ಲಿ ಬಯಲಿನಲ್ಲಿ ಗಾಳಿ ಜೋರು, ಒಂದೇ ಮಗ್ಗುಲು ಸುಡುತ್ತೆ. ಗಾಳಿ ಬರುವ ಕಡೆ ತಗಡಿನ ಅಡ್ಡ ಇಟ್ಟು, ಇಪ್ಪತ್ತು ನಿಮಿಷಕ್ಕೊಮ್ಮೆ ಟ್ರಂಕು ತಿರುಗಿಸಬೇಕು. ನೆಲದ ಮೇಲೆ ನೇರ ಬೆಂಕಿ ಹಾಕಬಾರದು ಅನ್ನೋದು ನಮ್ಮ ಕ್ಯಾಂಪಿನ ನಿಯಮ. ಹಾಗಾಗಿ ಕಾಲಿರುವ ಕಬ್ಬಿಣದ ತಟ್ಟೆ ಮಾಡಿಸಿದೆ. ಬೂದಿ ವಾಪಸ್ ತರುತ್ತೇವೆ. ಮುಚ್ಚಳದ ಸಂದಿಗೆ ಏನು ಮೆತ್ತುತ್ತೇನೆ ಅಂತ ಕೇಳಬೇಡಿ. ಹಿಟ್ಟಲ್ಲ, ಮಣ್ಣೂ ಅಲ್ಲ. ಇಷ್ಟು ಮಾತ್ರ ಹೇಳಬಲ್ಲೆ.

ಅಡುಗೆ ಸರಿಯಾಯಿತು. ಆದರೂ ಬುಷ್ ಡಿನ್ನರ್, ಅಂದರೆ ಬಯಲಿನಲ್ಲಿ ಬಡಿಸುವ ರಾತ್ರಿ ಊಟ, ಸೋಲುತ್ತಲೇ ಇತ್ತು. ಅತಿಥಿಗಳ ಚೀಟಿಯಲ್ಲಿ ಪ್ರತಿ ಸಲ ಒಂದೇ ಮಾತು: ಊಟ ರುಚಿ, ಆದರೆ ತಣ್ಣಗಿತ್ತು. ಜಾಸ್ತಿ ಕೆಂಡ ಹಾಕಿದೆ. ಸಾಸ್ ಕುದಿಕುದಿಯಾಗಿ ಕಳಿಸಿದೆ. ಇನ್ನಿಬ್ಬರು ವೇಟರ್‌ಗಳನ್ನು ಕೇಳಿ ಪಡೆದೆ. ಏನೂ ಆಗಲಿಲ್ಲ. ಹೀಗೇ ಒಂದು ಸೀಸನ್ ಪೂರ್ತಿ ಹೋಯಿತು. ಮ್ಯಾನೇಜರ್ ಇನ್ನು ಬುಷ್ ಡಿನ್ನರ್ ಅಂದರೆ ಬಾರ್ಬೆಕ್ಯೂ ಮಾತ್ರ ಅಂತ ಬರೆದೂ ಕೊಟ್ಟರು.

ಒಂದು ರಾತ್ರಿ ಎಲ್ಲ ಮುಗಿದ ಮೇಲೆ ಒಂದು ಖಾಲಿ ತಟ್ಟೆ ಕೈಯಲ್ಲಿ ಹಿಡಿದೆ. ಕಲ್ಲಿನಷ್ಟು ತಣ್ಣಗಿತ್ತು. ಮಾರಾದಲ್ಲಿ ಜುಲೈ ರಾತ್ರಿ 12–13 ಡಿಗ್ರಿಗೆ ಇಳಿಯುತ್ತೆ. ಲ್ಯಾಂಡ್ ಕ್ರೂಸರ್ ಹಿಂದೆ ಕ್ರೇಟಿನಲ್ಲಿ ಬಂದ ಪಿಂಗಾಣಿ ತಟ್ಟೆ ಅಷ್ಟೇ ತಣ್ಣಗಿರುತ್ತೆ. ಅದಕ್ಕೆ ಏನು ಬಡಿಸಿದರೂ ಎರಡು ನಿಮಿಷದಲ್ಲಿ ಸತ್ತ ಹಾಗೆ. ಲಾಡ್ಜ್ ಕಿಚನ್‌ನಲ್ಲಿ ತಟ್ಟೆ ಬಿಸಿಯಾಗಿಡುವ ಹಾಟ್ ಕಬೋರ್ಡ್ ಇರುತ್ತೆ, ನಾವು ತಟ್ಟೆಯ ಬಗ್ಗೆ ಯೋಚಿಸೋದೇ ಇಲ್ಲ, ಅಲ್ವಾ? ಮರುವಾರವೇ ಇನ್ನೊಂದು ಟ್ರಂಕು ತರಿಸಿದೆ. ಅದು ತಟ್ಟೆಗಳಿಗೆ ಮಾತ್ರ. ಕೆಳಗೆ ಬೂದಿ ಮುಚ್ಚಿದ ತೆಳು ಕೆಂಡ, ಮೇಲೆ ಕಂಬಳಿ, ಒಳಗೆ ಮರದ ಪಟ್ಟಿಯ ಮಧ್ಯೆ ನಿಲ್ಲಿಸಿದ ತಟ್ಟೆ. ಮೊದಲ ಸಲ ಬಿಸಿ ಜಾಸ್ತಿಯಾಗಿ ಏಳು ತಟ್ಟೆ ಒಡೆದವು. ಒಂದಕ್ಕೆ ಎರಡು ಸಾವಿರ ಶಿಲ್ಲಿಂಗ್ ಹತ್ತಿರ, ನನ್ನ ಸಂಬಳದಿಂದಲೇ ಕಟ್ಟಿದೆ. ಈಗ ಕೈಯಲ್ಲಿ ಹಿಡಿಯಬಹುದು, ಆದರೆ ಹಿಡಿದುಕೊಂಡೇ ಇರೋಕಾಗದು, ಅಷ್ಟು ಬಿಸಿ ಇಡುತ್ತೇನೆ.

ಈಗಿನ ಮೆನು ಹೇಳುತ್ತೇನೆ. ಮೊದಲು ರಾಗಿ ಹುಳಿಬ್ರೆಡ್. ಆಮೇಲೆ ಕಾಯಿಹಾಲು ಹಾಕಿದ ಕುಂಬಳಕಾಯಿ ಸೂಪ್. ಮೂರನೇದು ಪತ್ರೊಡೆ, ತೆಳುವಾಗಿ ಕೊಯ್ದು ತವಾದಲ್ಲಿ ಗರಿಗರಿ ಮಾಡಿದ್ದು. ನಾಲ್ಕನೇದು ಬಾಳೆಎಲೆಯಲ್ಲಿ ಕಟ್ಟಿದ ತಿಲಾಪಿಯಾ, ನಮ್ಮ ಕಡೆ ಜಿಲೇಬಿ ಮೀನು ಅಂತಾರಲ್ಲ ಅದೇ, ಕುಪಾಕಾ ಸಾಸಿನ ಜೊತೆ. ವಿಕ್ಟೋರಿಯಾ ಸರೋವರ ನಮಗೆ ಮೊಂಬಾಸಾಗಿಂತ ಎಷ್ಟೋ ಹತ್ತಿರ. ಐದನೇದು ರೆಡ್ ಮಸಾಯಿ ತಳಿಯ ಕುರಿಯ ಭುಜ. ಕೊನೆಗೆ ಗೆಂಡದಡ್ಯೆ, ಮೇಲೆ ಹುರಿದ ಮಕಡೇಮಿಯಾ.

ಕುರಿ ಮಧ್ಯಾಹ್ನ ಎರಡಕ್ಕೇ ಟ್ರಂಕಿಗೆ ಹೋಗುತ್ತೆ, ಆರು ಗಂಟೆ ಕಾಲ 140 ಡಿಗ್ರಿ ಆಸುಪಾಸು. ಅದಕ್ಕೆ ಊರಿಂದ ತಂದ ಕುಂದಾಪುರ ಮಸಾಲೆಯ ಜೊತೆ ಇನ್ನೊಂದು ಸೇರುತ್ತೆ, ಅದೂ ನನ್ನ ಹತ್ತಿರವೇ ಇರಲಿ. ಮೀನಿನದ್ದು ಬೇರೆ ಲೆಕ್ಕ. ಸೂಪಿನ ಬಟ್ಟಲು ಎತ್ತಿದ ಕೂಡಲೇ ವೇಟರ್ ರೇಡಿಯೋದಲ್ಲಿ ಒಂದು ಮಾತು ಹೇಳುತ್ತಾನೆ. ಅಷ್ಟೊತ್ತಿಗೆ ಪತ್ರೊಡೆ ಹೊರಟಿರಬೇಕು, ಹಸಿ ಮೀನು ಒಳಗೆ ಹೋಗಬೇಕು. ಹನ್ನೆರಡು ನಿಮಿಷ. ಮೀನನ್ನು ಬೇಯಿಸಿ ಕಾಯಿಸಿಡೋ ಆಸೆಗೆ ಹೋಗಬೇಡಿ.

ಪತ್ರೊಡೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೀನ್ಯಾದಲ್ಲಿ ಕೆಸುವಿನ ಗಡ್ಡೆಯನ್ನು ನ್ದೂಮಾ ಅಂತ ಬೇಯಿಸಿ ಚಹಾ ಜೊತೆ ತಿನ್ನುತ್ತಾರೆ. ಎಲೆಯನ್ನು ನಮ್ಮ ಹುಡುಗರು ಯಾರೂ ತಿಂದಿರಲಿಲ್ಲ. ನಾನು ಹೊಳೆಬದಿಯ ದೊಡ್ಡ ಹಸಿರೆಲೆ ತರಿಸಿ, ಹುಣಸೆ ಮುಗಿದಿದೆ ಅಂತ ನಿಂಬೆಹುಳಿ ಹಾಕಿ ಮಾಡಿದೆ. ಮೂವರು ಅತಿಥಿಗಳ ಗಂಟಲು ತುರಿಸಿತು. ಅವರ ಹತ್ತಿರ ಹೋಗಿ ಕೂತು ಕ್ಷಮೆ ಕೇಳಿದೆ. ಆರು ತಿಂಗಳು ಪತ್ರೊಡೆ ಮುಟ್ಟಲಿಲ್ಲ. ಆಮೇಲೆ ಕಿಸಿ ಕಡೆಯ ಸಂತೆಯಲ್ಲಿ ಕಪ್ಪು ದಂಟಿನ ಕೆಸು ಸಿಕ್ಕಿತು, ನಮ್ಮ ಕರಿಕೆಸುವಿನ ಹಾಗೇ. ಕರಾವಳಿಯಿಂದ ಉಕ್ವಾಜು, ಅಂದರೆ ಹುಣಸೆ, ವರ್ಷಕ್ಕಾಗುವಷ್ಟು ತರಿಸಿಟ್ಟೆ. ಮತ್ತೆ ತೊಂದರೆ ಆಗಿಲ್ಲ. ಒಂದು ಎಚ್ಚರ: ನಮ್ಮ ಕ್ಯಾಂಪು 1,600 ಮೀಟರ್ ಎತ್ತರದಲ್ಲಿದೆ, ನೀರು 95 ಡಿಗ್ರಿಗೇ ಕುದಿಯುತ್ತೆ. ಊರಲ್ಲಿ ಮುಕ್ಕಾಲು ಗಂಟೆಗೆ ಬೇಯೋದು ಇಲ್ಲಿ ಒಂದೂಕಾಲು ಗಂಟೆ ಕೇಳುತ್ತೆ. ಅರ್ಧ ಬೆಂದ ಕೆಸು ಖಂಡಿತ ತುರಿಸುತ್ತೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಗುಜರಾತಿ ಕುಟುಂಬಗಳು ಬಂದಾಗ ಈ ಪತ್ರೊಡೆಯೇ ನನ್ನನ್ನು ಕಾಯುತ್ತೆ.

ರಾಗಿಗೂ ಮೊದಲು ವಿರೋಧ ಇತ್ತು. ಇಲ್ಲಿ ರಾಗಿಗೆ ವಿಂಬಿ ಅಂತಾರೆ, ಉಜಿ ಅಂತ ಅಂಬಲಿ ಮಾಡಿ ಮಕ್ಕಳಿಗೆ ಕೊಡುತ್ತಾರೆ. ಮಕ್ಕಳ ಗಂಜಿ ಹಿಟ್ಟನ್ನು ಫೈನ್ ಡೈನಿಂಗ್‌ಗೆ ಇಡುತ್ತೀರಾ ಅಂತ ನಮ್ಮ ಕಿಚನ್‌ನವರೇ ಕೇಳಿದರು. ರಾಗಿ ಹುಟ್ಟಿದ್ದೇ ಈ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದ ಧಾನ್ಯ ಅದು. ಅದನ್ನು ಅದರ ತವರಿನಲ್ಲೇ ಟೇಬಲ್ಲಿನಿಂದ ದೂರ ಇಡೋದು ನನಗೆ ಇಷ್ಟವಾಗಲಿಲ್ಲ. ಅರ್ಧಕ್ಕರ್ಧ ರಾಗಿ ಹಾಕಿದಾಗ ಬ್ರೆಡ್ ಇಟ್ಟಿಗೆಯಾಯಿತು. ಈಗ ಮೂರು ಪಾಲು ರಾಗಿ, ಏಳು ಪಾಲು ನರೋಕ್ ಗೋಧಿ. ರಾಗಿಯನ್ನು ಹಿಂದಿನ ರಾತ್ರಿಯೇ ಅಂಬಲಿ ಮಾಡಿ ಹುಳಿ ಬರಿಸಿ ಸೇರಿಸುತ್ತೇನೆ.

ಬೆಲ್ಲಕ್ಕೆ ಇಲ್ಲಿ ಸುಕಾರಿ ನ್ಗೂರು ಅನ್ನುತ್ತಾರೆ. ಆರ್ಡರ್ ಬರೆಯುವಾಗ ಬರೀ ನ್ಗೂರು ಅಂತ ಬರೆದರೆ ಅಂಜಲ್ ಬಂದು ನಿಲ್ಲುತ್ತೆ. ಹೊಸ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ದುಡ್ಡಿನ ವಿಷಯ. ಹೊಸ ಕಾಂಬಿ ಓವನ್‌ಗೆ ನಮಗೆ ಹೇಳಿದ ರೇಟು ಹದಿಮೂರು–ಹದಿನಾಲ್ಕು ಲಕ್ಷ ಶಿಲ್ಲಿಂಗ್. ಬಳಸದೆ ಎಸೆದದ್ದೂ ಸೇರಿ ನನ್ನ ಟ್ರಂಕುಗಳಿಗೆಲ್ಲ ಮೂವತ್ತು ಸಾವಿರ ದಾಟಿಲ್ಲ. ಇದ್ದಿಲು ಚೀಲಕ್ಕೆ ಎರಡೂವರೆಯಿಂದ ಮೂರು ಸಾವಿರ. ಕಾಡಿನ ಮರ ಕಡಿದ ಇದ್ದಿಲು ಬೇಡ ಅಂತ ಈಗ ಕರಾವಳಿಯಿಂದ ಗೆರಟೆ ಇದ್ದಿಲು ತರಿಸುತ್ತೇನೆ. ಬೆಲೆ ಜಾಸ್ತಿ, ಆದರೆ ಕಾವು ಹೆಚ್ಚು ಹೊತ್ತು ನಿಲ್ಲುತ್ತೆ, ಹೊಗೆ ಇಲ್ಲ. ಅತಿಥಿಯೊಬ್ಬರಿಗೆ ದಿನದ ಊಟದ ಖರ್ಚು ಮೊದಲು 38 ಡಾಲರ್ ಹತ್ತಿರ ಇತ್ತು, ಈಗ 25 ಇರಬಹುದು. ಜನರೇಟರ್ ಡೀಸೆಲ್ ಉಳಿದದ್ದು ಬೇರೆ.

ಪ್ರಾಣಿಗಳ ಕಾಟ ಇದ್ದೇ ಇದೆ. ಎರಡನೇ ವರ್ಷ ಒಂದು ಕತ್ತೆಕಿರುಬ ಕತ್ತಲಲ್ಲಿ ಬಂದು, ತೆಗೆದಿಟ್ಟಿದ್ದ ಕುರಿ ಭುಜ ಕಚ್ಚಿಕೊಂಡು ಓಡಿತು. ಎಂಟು ಜನರ ಪಾಲು ಅದು. ಈಗ ಅಡುಗೆ ಜಾಗಕ್ಕೆ ಒಬ್ಬ ಅಸ್ಕರಿ, ಅಂದರೆ ಕಾವಲುಗಾರ, ಬೇರೆಯೇ ಇರುತ್ತಾನೆ. ಟ್ರಂಕಿಗೆ ಕೊಂಡಿ ಹಾಕಿಯೇ ಇಡುತ್ತೇವೆ. ತೋಟದ ಕುಂಬಳಕಾಯಿಯನ್ನು ಆನೆಗಳು ಎರಡು ಸಲ ತಿಂದವು. ಕುಂಬಳ ಬೆಳೆಯೋದು ಬಿಟ್ಟು ನರೋಕ್‌ನಿಂದ ಕೊಳ್ಳುತ್ತೇನೆ.

ಆ ಆಗಸ್ಟ್ ರಾತ್ರಿ ಮ್ಯಾನೇಜರ್ ಕೊನೆಯ ಟೇಬಲ್ಲಿನಲ್ಲಿ ಕೂತಿದ್ದರು. ಗೆಂಡದಡ್ಯೆ ಬಂದಾಗ ತಟ್ಟೆಯ ಅಂಚು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು. ಏನೂ ಹೇಳಲಿಲ್ಲ, ಇನ್ನೊಂದು ತುಂಡು ಕೇಳಿದರು. ಮ್ಜೇ ಹೋದ ವರ್ಷವೇ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಮರುದಿನ ಫೋನ್ ಮಾಡಿ 22 ತಟ್ಟೆ ಅಂದೆ. "ಕೆಂಡ ಯಾವುದು ಹಾಕಿದೆ?" ಅಂತ ಕೇಳಿದರು. ಗೆರಟೆ ಅಂದೆ. ಬರುವ ಜೂನ್‌ನಲ್ಲಿ ಒಂದು ವಾರ ಕ್ಯಾಂಪಿಗೆ ಬರುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಐದನೇ ಟ್ರಂಕು ಮಾಡಿಸಬೇಕು. ನಲವತ್ತು ಜನರ ಒಂದು ಮದುವೆ ಪಾರ್ಟಿ ಬುಕ್ ಆಗಿದೆ.