ಭೀಮಾ ಹೊಳೆಯ ಉಸುಕಿನ ಗೂಡುಗಳು: ಎಣಿಸುವುದು ಹೇಗೆ, ಕಾಯುವುದು ಹೇಗೆ

ನಾನು ಯಾದಗಿರಿ ತಾಲ್ಲೂಕಿನವನು. ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ದಂಡೆಯ ಮೋಟಾರು ಕೆಟ್ಟರೆ ಬೆಳಿಗ್ಗೆ ಆರಕ್ಕೇ ಫೋನು ಬರುತ್ತದೆ. ಹಾಗಾಗಿ ಭೀಮಾ ಹೊಳೆ ನೋಡದ ದಿನ ಕಡಿಮೆ. ಆರು ವರ್ಷದಿಂದ ಅಲ್ಲಿನ ಹಕ್ಕಿ, ಆಮೆ, ಮೊಸಳೆಗಳ ಲೆಕ್ಕ ಬರೆದಿಡುತ್ತಿದ್ದೇನೆ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಸಿಕ್ಕರೆ ಒಂದು ದುರ್ಬೀನು ಸಾಕು. ಪೆನ್ನು ಬೇಡ, ನೀರು ಬಿದ್ದರೆ ಅಕ್ಷರ ಹರಡುತ್ತದೆ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಇಡೀ ಹೊಳೆ ನೋಡುತ್ತೇನೆ ಅಂತ ಹೊರಡಬೇಡಿ. ನನ್ನದು ಒಂದೇ ಕಿಲೋಮೀಟರು: ಹಳೇ ಜಾಕ್‌ವೆಲ್‌ನಿಂದ (ಹೊಳೆ ನೀರೆತ್ತಲು ದಂಡೆಯಲ್ಲಿ ಕಟ್ಟಿದ ಬಾವಿ) ದೊಡ್ಡ ಬೇವಿನ ಮರದ ತನಕ. ಪ್ರತಿ ಭಾನುವಾರ, ಹೊತ್ತು ಹುಟ್ಟಿದ ಮೇಲೆ ಒಂದೂವರೆ ತಾಸು. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಮಧ್ಯಾಹ್ನ ಹೋದರೆ ಎರಡು ಲೆಕ್ಕಕ್ಕೆ ತಾಳೆ ಬರುವುದಿಲ್ಲ. ಬಿಸಿಲೇರಿದರೆ ನಾವೇ ನೆರಳು ಹುಡುಕುತ್ತೇವೆ, ಹಕ್ಕಿಗಳೂ ಹಾಗೇ ಅಲ್ವಾ?

ಮೊದಲ ಸಾಲಲ್ಲಿ ದಿನಾಂಕ, ಹೊತ್ತು, ಬಿಸಿಲೋ ಮೋಡವೋ ಬರೆಯಿರಿ. ಎರಡನೇ ಸಾಲು ನೀರಿನ ಮಟ್ಟಕ್ಕೆ. ಜಾಕ್‌ವೆಲ್ ಪಕ್ಕದ ಮೆಟ್ಟಿಲಲ್ಲಿ ಎಷ್ಟು ನೀರಿನ ಮೇಲಿವೆ ಅಂತ ನಾನು ಎಣಿಸುತ್ತೇನೆ. ಇದನ್ನು ಯಾವತ್ತೂ ಬಿಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಹಕ್ಕಿಗಳು. ಏನೂ ಕಾಣದಿದ್ದರೆ ಸೊನ್ನೆ ಹಾಕಿ. ಸುಮ್ನೆ ಖಾಲಿ ಬಿಟ್ಟರೆ, ಹಕ್ಕಿ ಇರಲಿಲ್ಲವೋ ನೀವೇ ಹೋಗಲಿಲ್ಲವೋ ಅಂತ ಆರು ತಿಂಗಳಾದ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ಗುಂಪು ದೊಡ್ಡದಿದ್ದರೆ ಹತ್ತು ಎಣಿಸಿ, ಹತ್ತು ಹಕ್ಕಿ ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಳತೆ ಮಾಡಿ, ಅಂಥ ಹತ್ತುಗಳು ಎಷ್ಟಿವೆ ನೋಡಿ. ಚಳಿಗಾಲದಲ್ಲಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಮೇಲೆ ನಾನು ಇದನ್ನು ಕಲಿತೆ. 1987ರಿಂದ ಪ್ರತಿ ಜನವರಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ. ಹೊಸಬರು ಆಗ ಯಾರಾದರೂ ಅನುಭವಸ್ಥರ ಜೊತೆ ನಿಲ್ಲಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ನದಿ ರೀವ (ರಿವರ್ ಟರ್ನ್) ಅನ್ನುವ ಹಕ್ಕಿಯ ಬಗ್ಗೆ. ತಲೆ ಮೇಲೆ ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ಬೇಸಿಗೆಯಲ್ಲಿ ಹೊಳೆ ಇಳಿದು ನಡುಗಡ್ಡೆ ಎದ್ದಾಗ ಉಸುಕಿನ ಮೇಲೇ ಮೊಟ್ಟೆ ಇಡುತ್ತದೆ. ಕಡ್ಡಿಯಿಲ್ಲ, ಹುಲ್ಲಿಲ್ಲ, ಅಂಗೈಯಷ್ಟು ಒಂದು ತಗ್ಗು. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಉಸುಕಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಕಾಲಡಿಗೆ ಬರುವ ತನಕ ಕಾಣುವುದಿಲ್ಲ.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಏಪ್ರಿಲ್, ಹನ್ನೊಂದು ಗಂಟೆ ಬಿಸಿಲು. ಫೋಟೊ ಆಸೆಗೆ ಗೂಡಿನ ಹತ್ತಿರ ಹತ್ತು ನಿಮಿಷ ನಿಂತೆ. ಜೋಡಿ ಹಕ್ಕಿ ತಲೆ ಮೇಲೆ ಚೀರುತ್ತಾ ಸುತ್ತುತ್ತಿತ್ತು. ನಾನು ಈಚೆ ಬಂದು ತಿರುಗಿ ನೋಡುವಷ್ಟರಲ್ಲಿ ಕಾಗೆಯೊಂದು ಇಳಿದು ಒಂದು ಮೊಟ್ಟೆ ಒಯ್ದಿತು. ಜೋಡಿಯಲ್ಲಿ ಒಂದು ಹಕ್ಕಿ ನೀರಿಗೆ ಹೊಟ್ಟೆ ತಾಗಿಸಿಕೊಂಡು ಬಂದು, ಆ ಒದ್ದೆ ಗರಿಯಲ್ಲೇ ಉಳಿದ ಮೊಟ್ಟೆಗಳ ಮೇಲೆ ಕೂತಿತು. ನಮ್ಮ ಕಡೆಯ ಬಿಸಿಲಿಗೆ ಮೊಟ್ಟೆ ಬೇಯದಂತೆ ಅವು ಪಡುವ ಪಾಡು ಅದು. ಅಂದಿನಿಂದ ನಡುಗಡ್ಡೆಗೆ ಕಾಲಿಟ್ಟಿಲ್ಲ.

ಹಾಗಾಗಿ ದಂಡೆಯಿಂದಲೇ ನೋಡಿ, ನೂರು ಮೀಟರ್ ದೂರ ಇರಲಿ. ಒಂದೇ ಜಾಗದಲ್ಲಿ ಅಲ್ಲಾಡದೆ ಕೂತ ಹಕ್ಕಿ ಎಷ್ಟು ಅಂತ ಎಣಿಸಿದರೆ ಗೂಡಿನ ಲೆಕ್ಕ ಸುಮಾರಾಗಿ ಸಿಗುತ್ತದೆ. ಹಕ್ಕಿ ಎದ್ದು ಚೀರಿದರೆ ನೀವು ಹತ್ತಿರ ಹೋಗಿದ್ದೀರಿ ಅಂತಲೇ ಅರ್ಥ, ಕೂಡಲೇ ಹಿಂದೆ ಸರಿಯಿರಿ. ನಾಯಿ ಜೊತೆಗೆ ಬಂದರೆ ಮನೆಗೆ ಬಿಟ್ಟು ಬನ್ನಿ. ಗುರುತಿಗೆ ಅಂತ ಬಟ್ಟೆ, ಕೋಲು ನೆಡಬೇಡಿ. ಗೂಡಿನ ಜಾಗ ವಾಟ್ಸಾಪ್ ಸ್ಟೇಟಸ್‌ಗೆ ಹಾಕಲೇಬೇಡಿ.

ಈಗ ಮೆಟ್ಟಿಲ ಲೆಕ್ಕಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಏಪ್ರಿಲ್ ಕೊನೆಗೆ ಮೇಲಿನ ಬ್ಯಾರೇಜಿನಿಂದ ನೀರು ಬಂತು. ಒಂದು ರಾತ್ರಿಗೆ ನಾಲ್ಕು ಮೆಟ್ಟಿಲು ಮುಳುಗಿದವು. ಒಂಬತ್ತು ಗೂಡಲ್ಲಿ ಉಳಿದದ್ದು ಎರಡು. ಕುಡಿಯುವ ನೀರು ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಮೊಟ್ಟೆ ಇಟ್ಟ ವಾರ, ನೀರು ಏರಿದ ದಿನ, ಎರಡೂ ನನ್ನ ಪುಟದಲ್ಲಿದ್ದವು. ಅದನ್ನೇ ಅರ್ಜಿಯಲ್ಲಿ ಬರೆದು, ಸಾಧ್ಯವಿದ್ದರೆ ಮಾರ್ಚ್‌ಗೆ ಮುಂಚೆ ಬಿಡಿ, ಇಲ್ಲವೇ ಸ್ವಲ್ಪ ಸ್ವಲ್ಪವಾಗಿ ಬಿಡಿ ಅಂತ ಕೇಳಿದೆ. ಬರೀ 'ಹಕ್ಕಿ ಸತ್ತವು' ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ದಿನಾಂಕ ಇದ್ದರೆ ಓದುತ್ತಾರೆ.

ಕುರಿ, ಎಮ್ಮೆಗಳ ಕಾಲ್ತುಳಿತಕ್ಕೆ ಅರ್ಜಿ ಬೇಕಿಲ್ಲ, ಮಾತು ಸಾಕು. ನಡುಗಡ್ಡೆ ಮೇಲೆ ಹಿಂಡು ದಾಟಿಸುವ ಕುರಿಗಾಹಿಗೆ, "ಕಾಕಾ, ಎರಡು ತಿಂಗಳು ಬೇವಿನ ಮರದ ಕಡೆಯಿಂದ ದಾಟಸ್ರಿ" ಅಂದೆ. "ಮೊದಲೇ ಹೇಳಬಾರದೇನಪಾ" ಅಂದರು. ಈಗ ನಾನು ಹೋಗದ ದಿನ ಅವರೇ ನೋಡಿ ಹೇಳುತ್ತಾರೆ. ಉಸುಕಿನ ಲಾರಿಗಳ ವಿಷಯ ಬೇರೆ. ಅಲ್ಲಿ ಎದುರು ನಿಲ್ಲಬೇಡಿ. ದಿನ, ಹೊತ್ತು ಬರೆದು ತಹಶೀಲ್ದಾರರಿಗೂ ಗಣಿ ಇಲಾಖೆಗೂ ಲಿಖಿತವಾಗಿ ಕೊಡಿ.

ಬೆಳಗಿನ ಒದ್ದೆ ಉಸುಕಿನಲ್ಲಿ ಹೆಜ್ಜೆ ನೋಡಿ. ನಾಲ್ಕು ಬೆರಳಿದ್ದರೆ ನಾಯಿ. ಐದು ಬೆರಳು, ನಡುವೆ ಚರ್ಮದ ಗುರುತು, ಪಕ್ಕದಲ್ಲಿ ಮೀನಿನ ಹುರುಪೆ ತುಂಬಿದ ಲದ್ದಿ ಇದ್ದರೆ ನೀರುನಾಯಿ. ಎರಡು ಸಾಲು ಹೆಜ್ಜೆ ನಡುವೆ ಬಾಲ ಎಳೆದ ಗೆರೆ ನೀರಿಗೆ ಇಳಿದಿದ್ದರೆ ಮೊಸಳೆ. ಅಂಥ ಕಡೆ ಅಂಚಿಗೆ ಬಗ್ಗಿ ಕೈ ತೊಳೆಯಬೇಡಿ, ಮಕ್ಕಳನ್ನು ಬಿಡಬೇಡಿ. ಮೊಸಳೆಯೂ ಬೇಸಿಗೆಯಲ್ಲೇ ದಂಡೆ ಅಗೆದು ಮೊಟ್ಟೆ ಇಡುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿ ಅದು. ಊರೊಳಗೆ ಬಂದರೆ ಕಲ್ಲು ಹೊಡೆಯದೆ ಅರಣ್ಯ ಇಲಾಖೆಗೆ ಫೋನು ಮಾಡಿ.

ನನ್ನ ಟೂಲ್ ಬಾಕ್ಸಿನಲ್ಲಿ ಯಾವಾಗಲೂ ಬ್ಲೇಡು, ಗೋಣಿಚೀಲ ಇರುತ್ತವೆ. ದಂಡೆಯಲ್ಲಿ ಬಿಟ್ಟ ನೈಲಾನ್ ಬಲೆ ತುಂಡುಗಳನ್ನು ಚೀಲಕ್ಕೆ ತುಂಬಿ ತರುತ್ತೇನೆ. ಆಮೆ ಸಿಕ್ಕಿಬಿದ್ದಿದ್ದರೆ ಎಳೆಯಬೇಡಿ. ಕಚ್ಚುತ್ತದೆ, ಚಿಪ್ಪಿನ ಹಿಂಭಾಗ ಹಿಡಿದು ದಾರಗಳನ್ನು ಒಂದೊಂದಾಗಿ ಕತ್ತರಿಸಿ, ಅಲ್ಲೇ ನೀರಿಗೆ ಬಿಡಿ.

ಮನೆಗೆ ಬಂದ ದಿನವೇ ಪುಟದ ಫೋಟೊ ತೆಗೆದು ಇನ್ನೊಬ್ಬರ ಮೊಬೈಲಿಗೂ ಕಳಿಸಿ. ನನ್ನ ಎರಡನೇ ವರ್ಷದ ನೋಟ್‌ಬುಕ್ ಮಳೆಯಲ್ಲಿ ಬೈಕಿನ ಪೆಟ್ಟಿಗೆಯೊಳಗೇ ನೆಂದು ಮುದ್ದೆಯಾಯಿತು. ಆ ವರ್ಷದ ಗೂಡುಗಳ ಲೆಕ್ಕ ಈಗ ಎಲ್ಲೂ ಇಲ್ಲ.